ಕಿಲುಬು ಹಿಡಿದ ಅರ್ಥ್: ಕರಾವಳಿಯ ಹಳೆ ಅಂಬಾಸಡರ್‌ನಲ್ಲಿ ವೈರಿಂಗ್ ದೋಷ ಹುಡುಕುವ ಬಗೆ

ಸೆಲ್ಫ್ ಕೊಟ್ಟರೆ ಬಾನೆಟ್ ಒಳಗಿಂದ ಒಂದು ‘ಟಕ್’. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿ ಮತ್ತೆ ಹತ್ತುತ್ತದೆ. ಇನ್ನೊಮ್ಮೆ ಕೊಟ್ಟರೆ ಸೆಲ್ಫ್ ನರಳುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮೂರನೆಯ ಸಲಕ್ಕೆ ಏನೂ ಆಗೇ ಇಲ್ಲವೇನೋ ಎಂಬಂತೆ ಗಾಡಿ ಸ್ಟಾರ್ಟ್. ಕಾರವಾರದ ಕೋಡಿಬಾಗದ ನಮ್ಮ ಮನೆಯ ಅಂಗಳದಲ್ಲಿ ನಿಲ್ಲುವ 1977ರ ಅಂಬಾಸಡರ್ ಎರಡು ಮಳೆಗಾಲ ಹೀಗೇ ಕಾಡಿತು. ಅಷ್ಟರೊಳಗೆ ಬ್ಯಾಟರಿ ಹೊಸದಾಯಿತು, ಸೆಲ್ಫ್ ಮೋಟಾರು ಬಿಚ್ಚಿ ಕಾರ್ಬನ್ ಬ್ರಷ್ ಹಾಕಿಸಿದ್ದಾಯಿತು, ಸೆಲ್ಫಿಗೆ ಕರೆಂಟು ಕೊಡುವ ಸೊಲೆನಾಯ್ಡ್ ಸ್ವಿಚ್ಚು ಕೂಡ ಬದಲಾಯಿತು. ರೋಗ ಮಾತ್ರ ಹೋಗಲಿಲ್ಲ.

ಕೊನೆಗೆ ದೋಷ ತೋರಿಸಿಕೊಟ್ಟದ್ದು ಚೋಕ್, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಗುಬ್ಬಿ. ಒಂದು ಬೆಳಿಗ್ಗೆ ಚೋಕ್ ಎಳೆದು, ಅದರ ದಾಂಡು ಹಿಡಿದುಕೊಂಡೇ ಸೆಲ್ಫ್ ಹೊಡೆದೆ. ನಾಲ್ಕೈದು ಸೆಕೆಂಡಿಗೆ ಬೆರಳು ಚುರುಕ್ ಅಂತು. ಬಾನೆಟ್ ಎತ್ತಿ ಮುಟ್ಟಿದರೆ ಚೋಕ್ ಕೇಬಲ್ಲು ಉದ್ದಕ್ಕೂ ಬಿಸಿ, ಪ್ಲಾಸ್ಟಿಕ್ ಕರಗಿದ ಸಣ್ಣ ವಾಸನೆ ಬೇರೆ. ಕರೆಂಟಿಗೂ ಚೋಕ್ ಕೇಬಲ್ಲಿಗೂ ಏನು ಸಂಬಂಧ ಎಂದು ಯೋಚಿಸುತ್ತ ನಿಂತಾಗಲೇ ವಿಷಯ ಹೊಳೆದದ್ದು. ಸೆಲ್ಫ್ ಮೋಟಾರು ಎಳೆಯುವ ನೂರಕ್ಕೂ ಮಿಕ್ಕಿದ ಆಂಪಿಯರ್ ಕರೆಂಟು ಬ್ಯಾಟರಿಗೆ ವಾಪಸು ಹೋಗಲೇಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ. ಅದಕ್ಕೇ ಎಂಜಿನ್ನಿನಿಂದ ಬಾಡಿಗೆ, ಅಂದರೆ ಬ್ಯಾಟರಿಯ ಒಂದು ಕಂಬ ಕೂಡಿರುವ ಗಾಡಿಯ ತಗಡಿನ ಮೈಗೆ, ತಾಮ್ರದ ಎಳೆಗಳನ್ನು ಹೆಣೆದ ಒಂದು ಅರ್ಥ್ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯ ದಾರಿ ಕಟ್ಟಿಹೋದಾಗ ಕರೆಂಟು ಸಿಕ್ಕಿದಲ್ಲಿ ನುಗ್ಗುತ್ತದೆ: ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೊಂಡಿ, ಸ್ಪೀಡೋಮೀಟರ್ ಕೇಬಲ್ಲು. ಅವುಗಳಿಗೆ ಅಷ್ಟು ಹೊರೆ ಹೊರುವ ಶಕ್ತಿಯಿಲ್ಲ, ಕಾಯುತ್ತವೆ. ಸೆಲ್ಫಿಗೆ ಅರೆಹೊಟ್ಟೆ.

ಗಾಡಿಯ ಕೆಳಗೆ ಮಲಗಿ ಆ ಪಟ್ಟಿ ಬಿಚ್ಚಿದೆ. ಹೊರಗೆ ನೋಡಿದರೆ ಬೋಲ್ಟ್ ಬಿಗಿಯಾಗೇ ಇತ್ತು. ಬಿಚ್ಚಿದ ಮೇಲೆ ವಾಷರಿನ ಕೆಳಗೆ ತಿಳಿ ಹಸಿರು ಹುಡಿ, ಅದರ ಕೆಳಗೆ ಬಾಡಿಯ ಕಂದು ತುಕ್ಕು, ಪಟ್ಟಿಯ ಎಳೆಗಳಲ್ಲಿ ಅರ್ಧಕ್ಕರ್ಧ ಬೆರಳಲ್ಲಿ ತಿಕ್ಕಿದರೆ ಮುರಿಯುವಷ್ಟು ಪೊಳ್ಳು. ತಿಂಗಳುಗಟ್ಟಲೆ ಹುಳಿ ಕಾಣದ ತಾಮ್ರದ ಹಂಡೆಯ ಕಂಠದಲ್ಲಿ ಕಾಣುವ ಅದೇ ಕಿಲುಬು. ಕಾಳಿ ನದಿ ಸಮುದ್ರ ಸೇರುವ ಮೂಲೆಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಇದು ತಪ್ಪದ ಕಥೆ. ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ತೇವ, ಅದರ ಮೇಲೆ ಕಬ್ಬಿಣಕ್ಕೆ ತಾಮ್ರ ಒತ್ತಿ ಕೂತ ಬೋಲ್ಟು. ಒಳಗೊಳಗೇ ತಿನ್ನಲು ಇನ್ನೇನು ಬೇಕು.

ಆ ಮೇಲಿಂದ ನನ್ನ ಗಾಡಿಯಾಗಲಿ, ಗೆಳೆಯರ ಗಾಡಿಯಾಗಲಿ, ಒಂದೇ ಕ್ರಮ ಇಟ್ಟುಕೊಂಡಿದ್ದೇನೆ. ಭಾಗ ಬದಲಿಸುವ ಮೊದಲು ಅಳೆಯುವುದು, ಅಳೆಯುವಾಗ ಅರ್ಥ್ ಕಡೆಯಿಂದ ಶುರು ಮಾಡುವುದು. ಕರಾವಳಿಯ ಹಳೆ ಗಾಡಿಯಲ್ಲಿ ವೈರು ನಡುವೆ ತುಂಡಾಗಿರುವುದು ಅಪರೂಪ. ವೈರು ಎಲ್ಲಿ ಇನ್ನೊಂದಕ್ಕೆ ಕೂಡಿದೆಯೋ ಅಲ್ಲೇ ಹತ್ತಕ್ಕೆ ಒಂಬತ್ತು ದೋಷ.

ಮೀಟರು ಒಂದೇ ಸಾಲದು

ಮಲ್ಟಿಮೀಟರ್ ಬೇಕು. ಅದರಷ್ಟೇ ಮುಖ್ಯ ಟೆಸ್ಟ್ ಲ್ಯಾಂಪ್. ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವಾಟ್ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ, ಎರಡು ಉದ್ದ ವೈರಿನ ತುದಿಗೆ ಮೊಸಳೆ ಕ್ಲಿಪ್ಪು ಹಾಕಿದರೆ ಆಯಿತು. ಎರಡೂ ಏಕೆ ಬೇಕು ಎಂಬುದನ್ನು ತಿಳಿಯದೆ ನಾನು ಒಂದು ವಾರ ಹಾಳು ಮಾಡಿಕೊಂಡಿದ್ದೇನೆ.

ಹಿಂದಿನ ಬ್ರೇಕ್ ಲೈಟು ಉರಿಯುತ್ತಿಲ್ಲ ಎಂದುಕೊಳ್ಳಿ. ಬಲ್ಬ್ ತೆಗೆದು ಹೋಲ್ಡರಿನಲ್ಲಿ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. ಕರೆಂಟು ಬರುತ್ತಿದೆ, ಬಲ್ಬೇ ಸುಟ್ಟಿರಬೇಕು ಅನಿಸುತ್ತದೆ. ಹೊಸ ಬಲ್ಬ್ ಹಾಕಿದರೂ ಮಿಣುಕು. ಮೀಟರು ಕರೆಂಟು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ಹಾಗಾಗಿ ಕಿಲುಬು ಹಿಡಿದ ಕೂಡುಜಾಗದ ಆಚೆಗೂ, ಇಪ್ಪತ್ತು ಎಳೆಯಲ್ಲಿ ಒಂದೇ ಎಳೆ ಉಳಿದ ವೈರಿನಲ್ಲೂ ಅದಕ್ಕೆ ಪೂರ್ತಿ ವೋಲ್ಟೇಜು ಕಾಣುತ್ತದೆ. 21 ವಾಟಿನ ಬಲ್ಬು ಸುಮಾರು ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಐದು ಓಮ್ ಅಡ್ಡಿ ಇದ್ದರೂ ಸಾಕು, ಬಲ್ಬಿಗೆ ಸಿಗುವುದು ಏಳು ವೋಲ್ಟ್ ಆಸುಪಾಸು. ಟೆಸ್ಟ್ ಲ್ಯಾಂಪ್ ಆ ಜಾಗದಲ್ಲಿ ಕೆಂಪಗೆ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಆದ್ದರಿಂದ ಮೀಟರಿನಲ್ಲಿ ಅಳೆಯುವಾಗ ಆ ದೀಪವೋ ಮೋಟಾರೋ ಕೆಲಸ ಮಾಡುತ್ತಿರುವಾಗಲೇ, ಅಂದರೆ ಹೊರೆ ಬಿದ್ದಾಗಲೇ, ಅಳೆಯಬೇಕು.

ಇನ್ನು ಹತ್ತು ಆಂಪಿಯರ್ ಫ್ಯೂಸ್ ನಡುವೆ ಕೂಡಿಸಿದ ಒಂದು ಉದ್ದ ವೈರು, ಪಾಲಿಷ್ ಪೇಪರು, ಸಣ್ಣ ಕನ್ನಡಿ, ನೋಟುಪುಸ್ತಕ. ಕೈಯ ಉಂಗುರ, ಸ್ಟೀಲಿನ ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ಬಾಡಿಗೆ ಹೋಗುವ ಕೇಬಲ್ಲು, ಕೂಡಿಸುವಾಗ ಅದೇ ಕೊನೆಗೆ. ಹೀಗೆ ಮಾಡಿದರೆ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಪೆಟ್ರೋಲ್ ವಾಸನೆ ಬರುವ ಗಾಡಿಯಲ್ಲಿ ವೈರಿಂಗ್ ಕೆಲಸ ಶುರುವೇ ಮಾಡಬೇಡಿ, ಮೊದಲು ಆ ಸೋರಿಕೆ ನಿಲ್ಲಿಸಿ.

ನಮ್ಮ ಗಾಡಿಯಲ್ಲಿ ನೆಗೆಟಿವ್ ಬಾಡಿಗೆ ಕೂಡಿದೆ. ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೂ ಪಾಸಿಟಿವನ್ನು ಬಾಡಿಗೆ ಕೊಡುವುದು ಸಾಮಾನ್ಯವಾಗಿತ್ತು. ನಿಮ್ಮದು ಅಂಥ ಹಳೆಯ ಗಾಡಿಯಾದರೆ ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ಎಂದು ನೋಡಿಕೊಂಡು ಮುಂದುವರಿಯಿರಿ.

ಬ್ಯಾಟರಿ, ಆಮೇಲೆ ಅರ್ಥ್

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು. 12.2 ಅಂದರೆ ಅರ್ಧ. 11.8ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ತಿರುಗುವಾಗ 10 ವೋಲ್ಟಿನ ಹತ್ತಿರ ನಿಂತರೆ ಬ್ಯಾಟರಿ ಗಟ್ಟಿ. ಮೀಟರಿನ ಮುಳ್ಳನ್ನು ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ ಒತ್ತಿ ಹಿಡಿಯಬೇಕು. ಆಮೇಲೆ ಕ್ಲಾಂಪಿನ ಮೇಲೂ ಅಳೆಯಿರಿ. ಎರಡರ ನಡುವೆ ವ್ಯತ್ಯಾಸ ಬಂದರೆ ದೋಷ ಅಲ್ಲೇ ಸಿಕ್ಕಿತು.

ಇನ್ನು ಅರ್ಥ್. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ. ಡಿಸ್ಟ್ರಿಬ್ಯೂಟರಿನ ನಡುವಿನ ವೈರು ತೆಗೆದು ಎಂಜಿನ್ನಿಗೆ ತಾಗಿಸಿ ಕಟ್ಟಿ, ಗಾಡಿ ಸ್ಟಾರ್ಟ್ ಆಗದಂತೆ ಮಾಡಿ. ಇನ್ನೊಬ್ಬರಿಗೆ ಸೆಲ್ಫ್ ಕೊಡಲು ಹೇಳಿ. ಎರಡೂ ತುದಿ ನೆಗೆಟಿವ್ ಆದ್ದರಿಂದ ಮೀಟರು ಸೊನ್ನೆಯ ಹತ್ತಿರವೇ ಇರಬೇಕು. 0.2 ವೋಲ್ಟಿನವರೆಗೆ ಪರವಾಗಿಲ್ಲ. ಅದಕ್ಕಿಂತ ಮೇಲೆ ಹೋದಷ್ಟೂ ದಾರಿಯಲ್ಲಿ ಕಿಲುಬು ಇದೆ ಎಂದರ್ಥ. ನನ್ನ ಗಾಡಿಯಲ್ಲಿ ಅವತ್ತು ತೋರಿಸಿದ್ದು 3.1. ಹನ್ನೆರಡು ವೋಲ್ಟಿನಲ್ಲಿ ಮೂರು ವೋಲ್ಟು ಬಾಡಿ ಮತ್ತು ಎಂಜಿನ್ ನಡುವೆಯೇ ಸುಟ್ಟುಹೋಗುತ್ತಿತ್ತು. ಹೊಸ ಪಟ್ಟಿ ಹಾಕಿ, ಎರಡೂ ಕಡೆ ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ 0.1.

ಇದೇ ಅಳತೆಯನ್ನು ತುಂಡು ತುಂಡಾಗಿ ಮಾಡಿದರೆ ದೋಷ ನಿಂತ ಜಾಗಕ್ಕೇ ಕರೆದೊಯ್ಯುತ್ತದೆ: ಕಂಬದಿಂದ ಕೇಬಲ್ ತುದಿಯ ಲೋಹದ ಲಗ್ಗಿಗೆ, ಲಗ್ಗಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಯಾವ ತುಂಡಿನಲ್ಲಿ ವೋಲ್ಟು ಕಾಣುತ್ತದೋ ಅದನ್ನೇ ಬಿಚ್ಚಿ. ಪಾಸಿಟಿವ್ ಕಡೆಯೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು ಹೋಗಬಾರದು.

ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜತೆಗೇ ಮಿಟುಕುವುದು, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟು ಆರುವುದು, ಇವೆಲ್ಲ ನೋಡಿದವರಿಗೆ ಮಾಟದಂತೆ ಕಾಣುತ್ತವೆ. ಕಾರಣ ಒಂದೇ. ಹಿಂದಿನ ಲೈಟಿನ ಗೂಡು ಡಿಕ್ಕಿಯ ತಗಡಿಗೆ ಸ್ಕ್ರೂ ಮೂಲಕವೇ ಅರ್ಥ್ ಆಗಿರುತ್ತದೆ. ಆ ಸ್ಕ್ರೂ ತುಕ್ಕು ಹಿಡಿದರೆ ಒಂದು ಬಲ್ಬಿನ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗಿಂದ ತಿರುಗಿ ಹಾದು ಬೇರೆ ಕಡೆ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದ ವೈರು ಎಳೆದು ಲೈಟಿನ ಲೋಹದ ಗೂಡಿಗೆ ತಾಗಿಸಿ ನೋಡಿ. ಎಲ್ಲ ದೀಪ ಸರಿಯಾದರೆ ಮತ್ತೇನೂ ಹುಡುಕಬೇಕಿಲ್ಲ. ನಾನು ಎರಡೂ ಗೂಡಿನಿಂದ ಒಂದೊಂದು ಕಪ್ಪು ವೈರು ಎಳೆದು ಒಂದೇ ಬೋಲ್ಟಿಗೆ ಕೂಡಿಸಿಬಿಟ್ಟೆ, ಸ್ಕ್ರೂ ನಂಬುವ ಕೆಲಸವೇ ಬೇಡವಾಯಿತು.

ಹೆಡ್‌ಲೈಟು ಮಂಕಾದರೆ

ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿದವರಿಗೆ ಗೊತ್ತು, ಆಷಾಢದ ಮಳೆಯಲ್ಲಿ ಮಂಜು ಇಳಿದರೆ ಹೆಡ್‌ಲೈಟ್ ಅಂದರೆ ಜೀವ. ನಮ್ಮ ಗಾಡಿಯ ಬೆಳಕು ಲಾಟೀನಿನ ಬೆಳಕಾಗಿತ್ತು. ಅಂಗಡಿಯಲ್ಲಿ ಕೇಳಿದರೆ 100 ವಾಟಿನ ಬಲ್ಬ್ ಹಾಕಿ ಎಂದರು. ಅದನ್ನು ಹಾಕದೆ ಇದ್ದದ್ದು ಒಳ್ಳೆಯದಾಯಿತು.

ಎಂಜಿನ್ ಓಡುತ್ತಿರುವಾಗ, ಲೈಟು ಹತ್ತಿಸಿ, ಬ್ಯಾಟರಿಯಲ್ಲಿ ಅಳೆದರೆ 13.6. ಅದೇ ಹೊತ್ತಿಗೆ ಬಲ್ಬಿನ ಎರಡು ಕಾಲುಗಳ ನಡುವೆ 11.0. ನಡುವೆ 2.6 ವೋಲ್ಟು ಕಳೆದುಹೋಗಿತ್ತು. ಬಲ್ಬಿನ ಬೆಳಕು ವೋಲ್ಟೇಜಿನ ಜತೆ ಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಐದರಲ್ಲಿ ಒಂದು ಪಾಲು ವೋಲ್ಟು ಹೋದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಕಳೆದದ್ದು ಎಲ್ಲಿ ಎಂದು ಒಂದೊಂದೇ ಕೂಡುಜಾಗದ ಆಚೀಚೆ ಮೀಟರ್ ಹಿಡಿದು ನೋಟುಪುಸ್ತಕದಲ್ಲಿ ಬರೆದೆ. ಲೈಟ್ ಸ್ವಿಚ್ಚಿನಲ್ಲಿ 1.1. ಗ್ರಿಲ್ಲಿನ ಹಿಂದಿನ ಕನೆಕ್ಟರಿನಲ್ಲಿ 0.6. ಹೆಡ್‌ಲೈಟಿನ ಅರ್ಥ್ 0.5. ಕಾಲಲ್ಲಿ ಒತ್ತುವ ಡಿಪ್ಪರ್ ಸ್ವಿಚ್ಚಿನಲ್ಲಿ 0.4. ಈ ಕಾಲಿನ ಡಿಪ್ಪರ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರೆಲ್ಲ ಇಳಿಯುವುದು ಅದರ ಮೇಲೇ. ಮ್ಯಾಟ್ ಎತ್ತಿ ನೋಡಿದರೆ ಸ್ವಿಚ್ಚಿನ ಮೂರೂ ಟರ್ಮಿನಲ್ಲು ಹಸಿರಾಗಿದ್ದವು. ಬಿಚ್ಚಿ ಉಜ್ಜಿ, ಕೆಳಗಿನ ತಗಡಿನ ತೂತಿಗೆ ರಬ್ಬರ್ ಬಡಿದು, ಮ್ಯಾಟಿನ ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದೆ.

ಆದರೆ ಎಷ್ಟು ಉಜ್ಜಿದರೂ ಹಳೆಯ ಸ್ವಿಚ್ಚು ಹೊಸದಾಗುವುದಿಲ್ಲ. ಎರಡು 60 ವಾಟಿನ ಬಲ್ಬು ಅಂದರೆ ಹತ್ತು ಆಂಪಿಯರ್, ಅಷ್ಟೂ ಆ ಸಣ್ಣ ಸ್ವಿಚ್ಚಿನ ಒಳಗೇ ಹಾಯಬೇಕು. 100 ವಾಟಿನವು ಹಾಕಿದ್ದರೆ ಹದಿನಾರು ಹದಿನೇಳು ಆಂಪಿಯರ್ ಆಗುತ್ತಿತ್ತು, ಸ್ವಿಚ್ಚು ಕರಗುತ್ತಿತ್ತು. ಸರಿಯಾದ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಹೈ ಬೀಮಿಗೆ ಒಂದು, ಡಿಪ್ಪಿಗೆ ಒಂದು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರಿನ ವೈರು, 87ರಿಂದ ಬಲ್ಬಿಗೆ, 85 ಬಾಡಿಗೆ, 86ಕ್ಕೆ ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರು. ಈಗ ಸ್ವಿಚ್ಚಿನಲ್ಲಿ ಹಾಯುವುದು ರಿಲೇ ಎಳೆಯುವಷ್ಟು ಸಣ್ಣ ಕರೆಂಟು ಮಾತ್ರ. ರಿಲೇಗಳ ಬಾಯಿ ಕೆಳಗೆ ಬರುವಂತೆ ಕೂರಿಸಿ, ನೀರು ಒಳಗೆ ನಿಲ್ಲಬಾರದು. ಇಷ್ಟು ಮಾಡಿದ ಮೇಲೆ ಬಲ್ಬಿನಲ್ಲಿ 13.2 ಬಂತು. ಅವೇ ಹಳೆ ಬಲ್ಬುಗಳು, ಘಟ್ಟದ ತಿರುವಿನ ಆಚೆ ತುದಿಯ ಬಿಳಿ ಕಲ್ಲು ಕಾಣುವಷ್ಟು ಬೆಳಕು.

ಫ್ಯೂಸ್ ಮತ್ತೆ ಮತ್ತೆ ಹೋದರೆ

ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ದಪ್ಪ ತಂತಿ ಕಟ್ಟುವುದು, ಇವನ್ನು ಯಾರು ಹೇಳಿದರೂ ಮಾಡಬೇಡಿ. ಫ್ಯೂಸ್ ಉರಿಯದಿದ್ದರೆ ಅದರ ಬದಲು ವೈರಿಂಗ್ ಉರಿಯುತ್ತದೆ, ಹಿಂದೆಯೇ ಗಾಡಿ. ಲೂಕಾಸ್ ಗಾಜಿನ ಫ್ಯೂಸ್ ಬಳಸುವವರು ಇನ್ನೊಂದು ತಿಳಿದಿರಬೇಕು. ಅದರ ಮೇಲೆ 35 ಎಂದು ಬರೆದಿದ್ದರೆ ಅದು ಫ್ಯೂಸ್ ಹಾರುವ ಲೆಕ್ಕ, ಒಂದೇ ಸಮನೆ ಹೊರುವುದು 17 ಆಂಪಿಯರ್ ಮಾತ್ರ. ಈಗಿನ ಬ್ಲೇಡ್ ಫ್ಯೂಸಿನ ಮೇಲೆ ಬರೆಯುವುದು ಹೊರುವ ಲೆಕ್ಕ. ಹಾಗಾಗಿ ಅದರ ಜಾಗಕ್ಕೆ 35ರ ಬ್ಲೇಡ್ ಹಾಕಿದರೆ ತಪ್ಪಾಗುತ್ತದೆ.

ಶಾರ್ಟ್, ಅಂದರೆ ವೈರು ಬಾಡಿಗೆ ತಾಗಿ ಕರೆಂಟು ನೇರ ಹಾಯುವ ಜಾಗ, ಹುಡುಕಲು ಫ್ಯೂಸ್ ತೆಗೆದು ಆ ಜಾಗಕ್ಕೆ ಟೆಸ್ಟ್ ಲ್ಯಾಂಪಿನ ಎರಡು ಕ್ಲಿಪ್ಪು ಸಿಕ್ಕಿಸಿ. ಶಾರ್ಟ್ ಇದ್ದರೆ ಲ್ಯಾಂಪ್ ಪ್ರಖರವಾಗಿ ಉರಿಯುತ್ತದೆ, ಫ್ಯೂಸುಗಳು ವ್ಯರ್ಥವಾಗುವುದಿಲ್ಲ. ಈಗ ಆ ಫ್ಯೂಸಿನ ಮೇಲಿರುವ ಒಂದೊಂದೇ ಸಾಮಾನಿನ ವೈರು ಕಳಚುತ್ತ ಹೋಗಿ: ಹಾರ್ನು, ವೈಪರು, ಬ್ರೇಕ್ ಲೈಟು. ಯಾವುದನ್ನು ಕಳಚಿದಾಗ ಲ್ಯಾಂಪ್ ಆರುತ್ತದೋ ದೋಷ ಆ ಸಾಲಿನಲ್ಲಿ. ವೈರಿನ ಕಟ್ಟು ತಗಡಿನ ತೂತಿನೊಳಗೆ ನುಗ್ಗುವ ಕಡೆ ರಬ್ಬರ್ ಬುಷ್ ಒಣಗಿ ಉದುರಿರುತ್ತದೆ, ಅಲ್ಲಿ ಮೊದಲು ನೋಡಿ. ಆಮೇಲೆ ಸ್ಟೇರಿಂಗ್ ಕಂಬದ ಬುಡ, ಡಿಕ್ಕಿಯ ಮುಚ್ಚಳದ ಹಿಂಜು.

ಘಟ್ಟದ ಮೇಲೆ ಕಥೆ ಬೇರೆ. ಶಿರಸಿಯ ಹತ್ತಿರದ ನಮ್ಮ ಮಾವನ ಮನೆಯಲ್ಲಿ ಒಂದು ಪದ್ಮಿನಿ ಕಾರು ಇದೆ, ಅಡಿಕೆ ಒಣಗಿಸುವ ಅಟ್ಟದ ಕೆಳಗೆ ನಿಲ್ಲುತ್ತದೆ. ಅಲ್ಲಿ ಉಪ್ಪು ಗಾಳಿಯಿಲ್ಲ, ವೈರಿನ ತುದಿ ನೋಡಿದರೆ ತಾಮ್ರ ಇನ್ನೂ ಕೆಂಪಗೆ. ಆದರೂ ಗಾಡಿ ಎದ್ದಿರಲಿಲ್ಲ.

“ಬ್ಯಾಟ್ರಿ ಹೊಸ್ತೇ ಇದ್ದಲೋ ತಮಾ, ಮತ್ತೆಂತಕ್ಕೆ ಹಿಂಗೆ ಆಗ್ತು?” ಎಂದು ಮಾವ ಕೇಳಿದರು.

ಏರ್ ಫಿಲ್ಟರಿನ ಪಕ್ಕ ಹುಲ್ಲು, ಅಡಿಕೆ ಸಿಪ್ಪೆಯ ನಾರು ಒಟ್ಟಿ ಇಲಿ ಗೂಡು ಕಟ್ಟಿತ್ತು. ಕಾಯಿಲ್‌ಗೆ ಹೋಗುವ ವೈರನ್ನು ಎರಡು ಕಡೆ ತಾಮ್ರ ಕಾಣುವಂತೆ ಕಡಿದಿತ್ತು. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಮೀಟರ್ ಹಚ್ಚುವ ಮೊದಲು ಟಾರ್ಚ್ ಹಾಕಿ ಇಲಿಯ ಹಿಕ್ಕೆ ಹುಡುಕಬೇಕು. ಅಂಥಲ್ಲಿ ವೈರಿನ ನಡುವೆಯೇ ದೋಷ ಇರುತ್ತದೆ.

ಬಣ್ಣ ನಂಬುವುದು ಎಷ್ಟರ ಮಟ್ಟಿಗೆ

ಬ್ರಿಟಿಷ್ ಮೂಲದ ವೈರಿಂಗಿನಲ್ಲಿ ಕಂದು ವೈರು ಬ್ಯಾಟರಿಯಿಂದ ನೇರ ಬರುವುದು, ಕೀಲಿ ತೆಗೆದರೂ ಕರೆಂಟು ಇರುತ್ತದೆ. ಬಿಳಿ, ಕೀಲಿ ಹಾಕಿದ ಮೇಲೆ. ಹಸಿರು, ಕೀಲಿ ಹಾಕಿದ ಮೇಲೆ ಫ್ಯೂಸ್ ದಾಟಿ ಬಂದದ್ದು. ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥ್. ತಿಳಿದಿದ್ದರೆ ಕೆಲಸ ಅರ್ಧ ಹಗುರ. ಆದರೆ ನಾಲ್ಕು ದಶಕದಲ್ಲಿ ಎಷ್ಟೋ ಕೈ ದಾಟಿದ ಗಾಡಿಯಲ್ಲಿ ಸಿಕ್ಕಿದ ವೈರು ಸೇರಿಸಿರುತ್ತಾರೆ. ನಮ್ಮ ಗಾಡಿಯ ಹಾರ್ನಿನ ವೈರು ಡ್ಯಾಶ್‌ಬೋರ್ಡಿನ ಒಳಗೆ ಕಂದಾಗಿ ಹೋಗಿ ಹೊರಗೆ ಹಳದಿಯಾಗಿ ಬರುತ್ತದೆ. ಕತ್ತರಿಸುವ ಮೊದಲು ಟೆಸ್ಟ್ ಲ್ಯಾಂಪ್ ತಾಗಿಸಿ.

ಚಾರ್ಜಿಂಗ್

ಎಂಜಿನ್ ಸ್ವಲ್ಪ ಏರಿಸಿದಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬಂದರೆ ನೆಮ್ಮದಿ. ಬರದಿದ್ದರೆ ಫ್ಯಾನ್ ಬೆಲ್ಟ್ ನೋಡಿ, ಆಮೇಲೆ ಎಂಜಿನ್ ತಿರುಗಿದಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ. ಡೈನಮೊದ ಎರಡೂ ವೈರು ಕಳಚಿ, ಅದರ ‘ಡಿ’ ಮತ್ತು ‘ಎಫ್’ ಟರ್ಮಿನಲ್ಲುಗಳನ್ನು ಸಣ್ಣ ವೈರಿನಿಂದ ಒಂದಕ್ಕೊಂದು ಕೂಡಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿಯಿರಿ. ಎಂಜಿನ್ ನಿಧಾನವಾಗಿ ಏರಿಸಿದರೆ ವೋಲ್ಟೇಜು ತಡೆಯಿಲ್ಲದೆ ಮೇಲೇರಬೇಕು. 20 ವೋಲ್ಟ್ ದಾಟಲು ಬಿಡಬೇಡಿ. ಏರಿದರೆ ಡೈನಮೊ ಸರಿ, ದೋಷ ಡೈನಮೊವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ ಕಟ್‌ಔಟ್ ಪೆಟ್ಟಿಗೆಯಲ್ಲೋ ನಡುವಿನ ವೈರಿನಲ್ಲೋ. ಏರದಿದ್ದರೆ ಕಾರ್ಬನ್ ಬ್ರಷ್. ಈ ಪರೀಕ್ಷೆ ಡೈನಮೊಗೆ ಮಾತ್ರ. ಆಲ್ಟರ್ನೇಟರ್ ಹಾಕಿಸಿಕೊಂಡ ಗಾಡಿಯಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ಲು ಬಿಚ್ಚಿ ನೋಡುವ ಅಭ್ಯಾಸ ಹಲವರಿಗಿದೆ, ಅದರಿಂದ ಡಯೋಡು ಸುಡುತ್ತದೆ.

ಕಟ್‌ಔಟಿನ ಪಾಯಿಂಟು ಅಂಟಿಕೊಂಡರೆ ಎಂಜಿನ್ ನಿಲ್ಲಿಸಿದ ಮೇಲೂ ಬ್ಯಾಟರಿ ಡೈನಮೊಗೆ ಕರೆಂಟು ಸುರಿಯುತ್ತಲೇ ಇರುತ್ತದೆ. ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಬ್ಯಾಟರಿ ಸತ್ತಿದ್ದರೆ, ಡೈನಮೊ ಮುಟ್ಟಿದರೆ ಎಂಜಿನ್ನಿಗಿಂತ ಬಿಸಿಯಿದ್ದರೆ, ಅನುಮಾನ ಅಲ್ಲಿಗೆ ಹೋಗಬೇಕು. ಅದಲ್ಲದ ಸಣ್ಣ ಸೋರಿಕೆಗೆ ಬ್ಯಾಟರಿಯ ಅರ್ಥ್ ಕೇಬಲ್ಲು ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಹಾಕಿ. ಅದು ಉರಿಯದಿದ್ದರೆ ಮಾತ್ರ ಆಂಪಿಯರ್ ಮೀಟರ್ ಕೂಡಿಸಿ. ಗಡಿಯಾರ, ಟೇಪ್ ರೆಕಾರ್ಡರ್ ಇಲ್ಲದ ಹಳೆ ಗಾಡಿ ನಿಂತಾಗ ಏನೂ ಎಳೆಯಬಾರದು.

ಕೂಡಿಸುವ ಕೆಲಸ

ಕಿಲುಬು ಹಿಡಿದ ವೈರಿಗೆ ಹುಣಸೆಹುಳಿ, ನಿಂಬೆ ಹಚ್ಚಿ ಬೆಳಗಿದವರನ್ನು ನೋಡಿದ್ದೇನೆ. ಹಂಡೆಯನ್ನು ಆಮೇಲೆ ತೊಳೆಯುತ್ತೇವೆ, ವೈರಿನ ಒಳಗೆ ಹೋದ ಹುಳಿ ತೊಳೆಯಲು ಆಗುವುದಿಲ್ಲ. ಅದು ಅಲ್ಲೇ ಕೂತು ತಾಮ್ರವನ್ನು ತಿನ್ನುತ್ತದೆ. ಒಳಗಿನ ಎಳೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಒಂದಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಇಡೀ ವೈರು ಬದಲಿಸಿ. ತವರ ಲೇಪಿಸಿದ ತಾಮ್ರದ ವೈರು ಸಿಕ್ಕರೆ ಅದನ್ನೇ ಹಾಕಿ. ದೋಣಿಗಳ ವೈರಿಂಗಿಗೆ ಬಳಸುವುದು ಅಂಥದ್ದನ್ನೇ. ಬೈತಖೋಲ್ ಬಂದರಿನ ಕಡೆ ಬೋಟಿನ ಕೆಲಸ ಮಾಡುವವರನ್ನು ಕೇಳಿ ನೋಡಿ.

ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಕೂಡುಜಾಗ ನಮ್ಮ ಹವೆಯಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ. ಲಗ್ಗನ್ನು ಪಕ್ಕಡಿನಲ್ಲಿ ಜಜ್ಜದೆ ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿ, ಎಳೆದು ನೋಡಿ, ಒಳಗೆ ಅಂಟು ಇರುವ ಸ್ಲೀವ್ ಹಾಕಿ ಬಿಸಿ ಮಾಡಿ. ಬಿಸಿಯಾದಾಗ ಎರಡೂ ತುದಿಯಿಂದ ಅಂಟು ಸ್ವಲ್ಪ ಉಕ್ಕಿ ಹೊರಬಂದರೆ ನೀರು ಒಳಗೆ ಹೋಗದಂತೆ ಮುಚ್ಚಿದೆ ಎಂದರ್ಥ. ಅರ್ಥ್ ಬೋಲ್ಟಿನ ಕೆಳಗೆ ಬಣ್ಣ, ತುಕ್ಕು ಪೂರ್ತಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿನಿಂದ ವ್ಯಾಸಲೀನ್ ಮೆತ್ತಿ. ಕನೆಕ್ಟರಿಗೆ ಬರುವ ವೈರನ್ನು ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿ ಕೂಡಿಸಿದರೆ ವೈರಿನ ಗುಂಟ ಹರಿದು ಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ನಾನು ಐದು ಅರ್ಥ್ ಬೋಲ್ಟುಗಳನ್ನು ಬಿಚ್ಚಿ ನೋಡುತ್ತೇನೆ: ಬ್ಯಾಟರಿಯದು, ಎಂಜಿನ್ ಪಟ್ಟಿಯ ಎರಡು ತುದಿ, ಹೆಡ್‌ಲೈಟಿನದು, ಡಿಕ್ಕಿಯೊಳಗಿನದು. ಒಂದು ಗಂಟೆಯ ಕೆಲಸ. ಸೆಲ್ಫ್ ತಿರುಗುವಾಗಿನ ಅರ್ಥ್ ಅಳತೆಯನ್ನು ತಾರೀಕು ಹಾಕಿ ನೋಟುಪುಸ್ತಕದಲ್ಲಿ ಬರೆದು ಅದನ್ನು ಗಾಡಿಯ ಖಾನೆಯಲ್ಲೇ ಇಟ್ಟಿದ್ದೇನೆ. ಹೋದ ವರ್ಷ 0.1, ಈ ವರ್ಷ 0.15.